ಹಂಪಮ್ಮನ ಎಡಕ್ಕೂ ಬಲಕ್ಕೂ

ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿ ಕೊಟ್ರಸ್ವಾಮಿ ಮತ್ತು ಅವನ ತಮ್ಮ ಪಾಲಯ್ಯ ಒಂದೇ ಸ್ಟುಡಿಯೋ ನಡೆಸುತ್ತಿದ್ದರು. ಒಂದು ನಿಕಾನ್ ಕ್ಯಾಮೆರಾ, ಅದಕ್ಕೆ ಮೂರು ಲೆನ್ಸು, ಎಲ್ಲಕ್ಕೂ ಒಂದೇ ಚೀಲ. ತೊಂಬತ್ತೈದರ ಹೊತ್ತಿಗೆ ಪಾಲಯ್ಯ ಹೊಸ ಕ್ಯಾನನ್ ತಂದ.

"ಅಣ್ಣಾ, ಗುಂಡಿ ಒತ್ತಿದ್ರ ತಾನೇ ಫೋಕಸ್ ಮಾಡ್ಕಂತತಿ. ನೀ ಕೈಲೆ ತಿರುವಿಕೋತ ಕುಂತ್ರ ಮದುಮಕ್ಕಳ ಮ್ಯಾಲಿನ ಅಕ್ಕಿಕಾಳು ನೆಲಕ್ಕ ಬಿದ್ದಿರ್ತಾವ."

"ಲೇ, ಫೋಕಸ್ಸೂ ಮಷಿನ್ನೇ ಮಾಡಿದ್ರ, ನೀ ಮದುವಿ ಮನಿಗಿ ಉಣ್ಣಾಕ ಹೋಗ್ತಿಯೇನು? ನಂದು ಬ್ಯಾಟರಿ ಸತ್ರೂ ದುಡೀತತಿ."

ಅಲ್ಲಿಯವರೆಗೆ ನಗೆಯಿತ್ತು. ಅಣ್ಣನ ಲೆನ್ಸು ತಮ್ಮನ ಕ್ಯಾಮೆರಾಕ್ಕೆ ಕೂಡುವುದಿಲ್ಲ ಎಂದು ತಿಳಿದಾಗ ನಗೆ ನಿಂತಿತು. 'ನನ್ನ ಸಾಮಾನು ಇವನಿಗೆ ಬ್ಯಾಡಾತು' ಎಂಬ ಮಾತು ಕೊಟ್ರಸ್ವಾಮಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ವರ್ಷ ತುಂಬುವುದರೊಳಗೆ ಪಾಲಯ್ಯ ಬಸ್ ಸ್ಟ್ಯಾಂಡಿನ ಎದುರು ಬೇರೆ ಸ್ಟುಡಿಯೋ ಹಾಕಿದ.

ತಾಯಿ ಹಂಪಮ್ಮ ಹಿರಿಯನ ಮನೆಯಲ್ಲಿದ್ದಳು. ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಧರಿಸಿ ಆಕೆ ಕೇಳುತ್ತಿದ್ದುದು ಒಂದೇ: "ಆ ಕಡಿ ನೀ, ಈ ಕಡಿ ಅವ, ನಡುವ ನಾನು. ಒಂದು ಫೋಟೋ ತೆಗೀರ್ಯೋ."

"ಅವ ನನ್ನ ಕ್ಯಾಮೆರಾ ಮುಂದ ಬಂದು ಕುಂದರ್ಲಿ, ಈಗಲೇ ತೆಗಿತೀನಿ."

ಪಾಲಯ್ಯನದೂ ಅದೇ ಉತ್ತರ: "ಅಣ್ಣ ನಮ್ಮ ಸ್ಟುಡಿಯೋಕ್ಕ ಬರ್ಲಿ."

"ನಮ್ಮನ್ನೆಲ್ಲ ನೋಡೋ ಶಿವನ ಕಣ್ಣು ಯಾವ ಕಂಪನೀದಪ್ಪಾ?" ಎಂದು ಆಕೆ ನಗುತ್ತಿದ್ದಳು. ಒಂದು ಬಸವ ಜಯಂತಿಗೆ ಇಳಕಲ್ ಸೀರೆಯುಟ್ಟು, ಇಬ್ಬರಿಗೂ ಹೇಳಿ ಕಳಿಸಿ, ಕಟ್ಟೆಯ ಮೇಲೆ ಕೂತಳು. ಇಬ್ಬರೂ ಬಂದರು, ಇಬ್ಬರ ಕೊರಳಲ್ಲೂ ಕ್ಯಾಮೆರಾ. ಯಾರು ತೆಗೆಯಬೇಕು, ಯಾರು ಕೂರಬೇಕು ಎಂದು ಮಾತಿಗೆ ಮಾತು ಬೆಳೆದು ಬಿಸಿಲೇ ಇಳಿದುಹೋಯಿತು. "ಬೆಳಕಿಲ್ಲವ್ವ, ಇನ್ನೊಮ್ಮಿ ನೋಡೂನು" ಎಂದ ಕೊಟ್ರಸ್ವಾಮಿ. ಆಕೆ ಒಳಹೋಗಿ ಸೀರೆ ಮಡಿಚಿಟ್ಟಳು.

ಶ್ರಾವಣದ ಒಂದು ಸೋಮವಾರ, ಪೂಜೆಗೆ ಕೂತಲ್ಲೇ ಹಂಪಮ್ಮ ಲಿಂಗೈಕ್ಯಳಾದಳು.

ಪದ್ಧತಿಯಂತೆ ಆಕೆಯನ್ನು ಗೋಡೆಗೆ ಆನಿಸಿ ಕೂರಿಸಿದರು. ಮೈಗೆ ವಿಭೂತಿ, ಕೊರಳಿಗೆ ಹೂವು, ಎಡ ಅಂಗೈಯಲ್ಲಿ ಇಷ್ಟಲಿಂಗ. ಹೀಗೆ ಕೂರಿಸಿದವರ ಪಕ್ಕ ಮನೆಮಂದಿ ಕೂತು ಕಡೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಊರಿನ ಎಷ್ಟೋ ಮನೆಗಳಲ್ಲಿ ಆ ಫೋಟೋ ತೆಗೆದವರು ಈ ಅಣ್ಣತಮ್ಮಂದಿರೇ.

ಸೋದರತ್ತೆ ನಾಗಲಿಂಗಮ್ಮ ಗದರಿದಳು: "ಬದುಕಿದ್ದಾಗಂತೂ ಕುಂದರ್ಲಿಲ್ಲ. ಈಗರೆ ಕುಂದರ್ರ್ಯೋ, ಹಾಳಾದವ್ರಾ."

ಕೊಟ್ರಸ್ವಾಮಿ ಕೊರಳಿನ ಕ್ಯಾಮೆರಾ ತೆಗೆದು ಹೆಂಡತಿ ಶೈಲಾಳ ಕೈಗಿಟ್ಟ. "ಪಾಲ್ಯಾ, ನಿನ್ನ ಕ್ಯಾಮೆರಾದಾಗ ತೆಗಿಯಪ್ಪ. ಟೈಮರ್ ಹಾಕಿ ನೀನೂ ಬಾ."

ಹಾಗೆಂದು ಚಾಪೆಯ ಮೇಲೆ ಕೂತ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಟೈಮರ್. ಅದು ತನ್ನದರಲ್ಲೂ ಇತ್ತು, ಅವನದರಲ್ಲೂ ಇತ್ತು. ಯಾರ ಕ್ಯಾಮೆರಾ ಆದರೂ ಸರಿ, ಸ್ಟ್ಯಾಂಡಿಗೆ ಏರಿಸಿ ಗುಂಡಿ ಒತ್ತಿ ಓಡಿಬಂದು ಅವ್ವನ ಪಕ್ಕ ಕೂತಿದ್ದರೆ ಸಾಕಿತ್ತು. ಊರಿಗೆಲ್ಲ ಫೋಟೋ ತೆಗೆದ ಇಬ್ಬರಿಗೂ ಅದು ಹೊಳೆದಿರಲಿಲ್ಲ. ಹೊಳೆದಿತ್ತೇನೋ, ಒಪ್ಪಿರಲಿಲ್ಲ.

ಪಾಲಯ್ಯ ಸ್ಟ್ಯಾಂಡ್ ನಿಲ್ಲಿಸಿ, ಬಾಗಿ, ಟೈಮರ್ ಒತ್ತಿದ. ಕೆಂಪು ದೀಪ ಮಿಣುಕತೊಡಗಿತು. ಕಸುಬಿನ ಬಾಯಿ, ತಾನೇ ತೆರೆಯಿತು:

"ಅವ್ವಾ, ಸ್ವಲ್ಪ ಕಣ್ಣು ಬಿಡು."

ಭಜನೆಯವರ ತಾಳ ನಿಂತಿತು. ಪಾಲಯ್ಯ ಸ್ಟ್ಯಾಂಡಿನ ಬುಡದಲ್ಲೇ ಕುಸಿದ. ಕೊಟ್ರಸ್ವಾಮಿ ಎದ್ದು ಹೋಗಿ ತಮ್ಮನನ್ನು ಎದೆಗೆ ಒತ್ತಿಕೊಂಡ. ಇಬ್ಬರ ತಲೆಯ ಮೇಲೆ ಕ್ಯಾಮೆರಾ ಟಪ್ಪೆಂದಿತು.

"ಹೊತ್ತಾತು, ಏಳ್ರಿ" ಎಂದರು ಹಿರಿಯರು. ಅವ್ವನನ್ನು ಕೂರಿಸಿ ಹೊತ್ತೊಯ್ಯುವ ಹೂವಿನ ವಿಮಾನ ಹೊಸ್ತಿಲಿಗೆ ಬಂದಿತ್ತು.

ಫೋಟೋ ಬಲು ಸ್ಪಷ್ಟವಾಗಿ ಬಂದಿದೆ. ಚಾಪೆಯ ನಡುವೆ ಹಂಪಮ್ಮ ಒಬ್ಬಳೇ ಕೂತಿದ್ದಾಳೆ, ಎರಡೂ ಕಡೆ ಜಾಗ ಬಿಟ್ಟುಕೊಂಡು.