ಏಳಡಿ ಕಳ್ಳ, ಮೂರು ಹನಿ ಎಣ್ಣೆ

ನನ್ನ ಎರಡು ಕಣ್ಣಾಣೆ, ಇದು ನಡೆದಿದ್ದು. ಇದರಲ್ಲಿ ಒಂದೇ ಒಂದು ಸುಳ್ಳಿದ್ರೂ ನನ್ನ ನಾಲಿಗೆ ಹೋಗಿ ಮೊಣಕಾಲಲ್ಲಿ ಮೊಳೀಲಿ.

ಒಂದೂರಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡೋ ಮುದುಕ ಇದ್ದ. ಎಲ್ರೂ ಮಿಷನ್ ತಾತ ಅನ್ನೋರು. ಆಳು ಐದಡಿ, ಅದೂ ಚಪ್ಪಲಿ ಸೇರಿಸಿ. ಜೇಬಲ್ಲಿ ಯಾವಾಗ್ಲೂ ಉದ್ದ ಮೂಗಿನ ಎಣ್ಣೆ ಡಬ್ಬಿ. ಎಲ್ಲಿ ಏನು ಕಿರ್ ಅಂದ್ರೂ ಅವನ ಹಲ್ಲು ಜುಮ್ಮನ್ನೋದು. ಬ್ಯಾಂಕಿಗೆ ಹೋದ್ರೆ ಬ್ಯಾಂಕಿನ ಬಾಗಿಲಿಗೆ, ಆಸ್ಪತ್ರೆಗೆ ಹೋದ್ರೆ ಮಂಚಕ್ಕೆ ಮೂರು ಹನಿ ಬಿಟ್ಟು, ಎಣ್ಣೆ ಒಳಗೆ ಇಳೀಲಿ ಅಂತ ನೂರು ಎಣಿಸಿ, ಆಮೇಲೇನೇ ಮುಂದಿನ ಮಾತು. ಒಂದ್ಸಲ ಹೆಣದ ಗಾಡಿ ನಿಲ್ಲಿಸಿ ಚಕ್ರಕ್ಕೆ ಎಣ್ಣೆ ಬಿಟ್ಟಾಗ ಒಳಗಿದ್ದವನು ಎದ್ದು ಥ್ಯಾಂಕ್ಸ್ ಹೇಳಿದ ಅಂತಾರೆ. ಅದನ್ನ ನಾನು ನೋಡಿಲ್ಲ, ಅದಕ್ಕೆ ಆಣೆ ಹಾಕಲ್ಲ.

ಈ ತಾತ ನಲವತ್ತು ವರ್ಷದ ಹಿಂದೆ ಒಂದು ಕಳ್ಳತನ ಮಾಡಿದ್ದ. ಜೀವಮಾನದಲ್ಲಿ ಒಂದೇ. ಜಡ್ಜ್ ಮನೆಗೆ ಮಿಷನ್ ರಿಪೇರಿಗೆ ಹೋದಾಗ ಒಂದು ಗೋಡೆ ಗಡಿಯಾರ ಕಣ್ಣಿಗೆ ಬಿತ್ತು, ಬಿದ್ದಿದ್ದು ಏಳಲೇ ಇಲ್ಲ. ಎರಡು ದಿನ ಬಿಟ್ಟು ಮಧ್ಯಾಹ್ನ ಎರಡೂವರೆಗೆ, ಮನೆಯೋರೆಲ್ಲ ಉಂಡು ಗೊರಕೆ ಹೊಡೀತಿರುವಾಗ, ಹಿಂಬಾಗಿಲಿಗೆ ಬಂದ. ಚಿಲಕ ಹಾಕಿರಲಿಲ್ಲ. ತಳ್ಳಿದ. ಕಿರ್ರ್.

ಇನ್ನೊಬ್ಬನಾಗಿದ್ರೆ ಓಡಿಹೋಗ್ತಿದ್ದ. ಇವನು ಬಂದಿದ್ದು ಯಾಕೆ ಅನ್ನೋದನ್ನೇ ಮರೆತು ಡಬ್ಬಿ ತೆಗೆದ. ಮೂರು ಕೀಲು, ಕೀಲಿಗೆ ಮೂರು ಹನಿ. ನೂರು ಎಣಿಸಿದ. ಪಕ್ಕದಲ್ಲೇ ವಾಚ್‌ಮನ್ ಸ್ಟೂಲ್ ಮೇಲೆ ಬಾಯಿ ತೆರಕೊಂಡು ಮಲಗಿದ್ದ. ಆಮೇಲೆ ಬಂದ ಕೆಲಸ ನೆನಪಾಗಿ ಒಳಗೆ ಹೋದ, ಗಡಿಯಾರ ಕಂಕುಳಲ್ಲಿ ಇಟ್ಕೊಂಡು ಅವನ ಮುಂದೇನೇ ನಡೆದು ಮನೆ ಸೇರಿದ. ಆ ಗಡಿಯಾರ ಮೂರು ದಿನ ಓಡಿ ನಿಂತುಹೋಯ್ತು. ಹೆದರಿ ಬಾವಿಗೆ ಹಾಕಿದ. ಇಷ್ಟೇ ಕಥೆ.

ಇಷ್ಟಕ್ಕೇ ಬಿಡ್ತಾರಾ? ಮಾರನೇ ದಿನ ಪೇಪರಲ್ಲಿ ಮಧ್ಯರಾತ್ರಿ ಆಯ್ತು, ಗುಡುಗು ಸಿಡಿಲು ಬಂತು, ಕಳ್ಳ ಆರಡಿ ಆದ. ರಿಟೈರ್ಡ್ ಹೆಡ್‌ಮೇಷ್ಟ್ರು ಊರಿನ ಇತಿಹಾಸ ಅಂತ ಪುಸ್ತಕ ಬರೆದ್ರು, ಅದರಲ್ಲಿ ಹನ್ನೆರಡು ಜನರ ಗ್ಯಾಂಗು, ಮ್ಯಾಪು, ಮ್ಯಾಪಲ್ಲಿ ಬಾಣದ ಗುರುತು. ಆಮೇಲೆ ನಾಟಕದೋರು ಬಂದ್ರು. ಅಲ್ಲಿ ಕಳ್ಳ ಏಳಡಿ, ಹಲ್ಲಲ್ಲಿ ಚಾಕು, ಬಂದವನೇ ವಾಚ್‌ಮನ್ ಕಾಲು ಲಟಕ್ ಅಂತ ಮುರೀತಾನೆ.

ವಾಚ್‌ಮನ್ ಆಮೇಲೆ ಕುಂಟ್ತಿದ್ದಿದ್ದು ನಿಜ. ಕಳ್ಳನ ಜೊತೆ ಹೊಡೆದಾಡಿದ ಅಂತ ಜಡ್ಜ್ ಒಂದು ಪದಕ ಕೊಟ್ಟಿದ್ರು. ಈಗ ಹಣೆಬರಹ ನೋಡಿ: ಆ ವಾಚ್‌ಮನ್ ಮಗ ಪೊಲೀಸ್ ಆದ. ಯೂನಿಫಾರ್ಮ್ ಹೊಲಿಸೋಕೆ ಬಂದು, ಹೊಲಿದುಕೊಟ್ಟ ತಾತನ ಮಗಳನ್ನೇ ಕಟ್ಕೊಂಡ. ತಾತ ಇದ್ದಿದ್ದು ಅವರ ಮನೇಲೇ. ಹಾಲ್ ಗೋಡೆ ಮೇಲೆ ಸತ್ತ ವಾಚ್‌ಮನ್ ಫೋಟೋ, ಕೆಳಗೆ ಪದಕ. ಆರು ವರ್ಷದಿಂದ ತಾತ ಅದನ್ನ ನೋಡ್ಕೊಂಡೇ ಉಣ್ತಿದ್ದ.

ನಾಟಕದ ದಿನ ಸಂಜೆ ಹೊರಡುವಾಗ ಮಗಳು ಟೀ ಕೊಡ್ತಾ, "ಅಪ್ಪ, ನಮ್ಮ ಮಾವನ ಕಾಲು ಮುರಿದವನು ಇವತ್ತು ಎದುರಿಗೆ ಸಿಕ್ಕಿ ಬಾಯಾರಿ ಸಾಯ್ತಿದ್ರೂ ಒಂದು ತೊಟ್ಟು ನೀರು ಕೊಡಲ್ಲ ನಾನು" ಅಂದ್ಲು. ತಾತ ಲೋಟ ವಾಪಸ್ ಕಿತ್ಕೊಂಡಾಳು ಅಂತ ಸುಡೋ ಟೀನ ಒಂದೇ ಗುಟುಕಿಗೆ ಇಳಿಸಿದ. ಹೇಳ್ಬಿಡೋಣ ಅಂತ ಎಷ್ಟೋ ಸಲ ಬಾಯಿವರೆಗೆ ಬಂದಿತ್ತು. ಹೇಳಿದ್ರೆ ಮನೆ ಹೋಗ್ತಿತ್ತು, ಮಗಳೂ ಹೋಗ್ತಿದ್ಲು.

ನಾಟಕ ಶುರುವಾಯ್ತು. ಹೆಗಲಿಗೆ ಹತ್ತಿ ತುರುಕಿಕೊಂಡ ಕಳ್ಳ ಬಂದು ಬಾಗಿಲು ತಳ್ಳಿದ. ಕಿರ್ರ್. ತಾತ ಕುರ್ಚಿ ಹಿಡ್ಕೊಂಡ. ಕಳ್ಳ ಇನ್ನಷ್ಟು ತಳ್ಳಿದ. ಕಿರ್ರ್ರ್. ತಾತ ತೊಡೆ ಹಿಡ್ಕೊಂಡ, ಅದು ಪಕ್ಕದವನದು. ಮೂರನೇ ಸಲ ಕಿರ್ ಅಂದಿದ್ದೇ ತಡ, ತಾತ ಸ್ಟೇಜ್ ಮೇಲಿದ್ದ.

"ತಾತ, ಇಳೀರಿ, ನಾನು ಕಳ್ಳತನ ಮಾಡ್ತಿದೀನಿ" ಅಂತ ಕಳ್ಳ ಪಿಸುಗುಟ್ಟಿದ.

"ಮಾಡಪ್ಪ, ಯಾರು ಬೇಡ ಅಂದ್ರು? ಈ ಸದ್ದಿಗೆ ವಾಚ್‌ಮನ್ ಏನು, ಸತ್ತಿರೋ ಅವನಜ್ಜನೂ ಎದ್ದು ಕೂರ್ತಾನೆ. ಕೀಲಿಗೆ ಮೂರೇ ಹನಿ. ಹ್ಞೂಂ, ಈಗ ನೂರು ಎಣಿಸು."

ಜನ ಬಿದ್ದು ಬಿದ್ದು ನಕ್ಕರು. ಹಾಲಿಗೆ ಹಾಲೇ ತಾತನ ಜೊತೆ ನೂರು ಎಣಿಸ್ತು. ಎಣಿಸದೇ ಇದ್ದವನು ಒಬ್ಬನೇ, ಎರಡನೇ ಸಾಲಲ್ಲಿ ಕೂತಿದ್ದ ಅಳಿಯ.

ಮನೆಗೆ ಬಂದ ಮೇಲೆ ಮಗಳು ಅಡುಗೆಮನೆಗೆ ಹೋದ್ಲು. ಅಳಿಯ ಕುರ್ಚಿ ಎಳ್ಕೊಂಡು ತಾತನ ಎದುರಿಗೆ ಕೂತ.

"ಮಾವ, ಆ ಕೇಸಿನ ಫೈಲು ನಮ್ಮ ಸ್ಟೇಷನ್ನಲ್ಲೇ ಇದೆ. ಪೇಪರಿನೋರಿಗೆ ಹೇಳದೆ ಇಟ್ಟಿರೋದು ಅದರಲ್ಲಿ ಒಂದೇ ವಿಷಯ."

"ಹೌದಾ."

"ಬಾಗಿಲ ಕೀಲಲ್ಲಿ ಹೊಸ ಮಿಷನ್ ಎಣ್ಣೆ ಇತ್ತು. ಹೆಸರು ಬರುತ್ತೆ ಅಂತ ನಾಲ್ಕು ಜನ ಸ್ಟೇಷನ್ನಿಗೆ ಬಂದು ‘ನಾನೇ ಕದ್ದಿದ್ದು’ ಅಂದಿದ್ರು. ನಾಲ್ವರೂ ಬಾಗಿಲು ಒದ್ದು ಒಳಗೆ ಹೋದೆ ಅಂದ್ರು. ಒದ್ದು ಆಚೆ ಕಳಿಸಿದ್ವಿ." ಅಳಿಯ ಕೈಚಾಚಿ ಪಕ್ಕದ ಬಾಗಿಲು ತಳ್ಳಿದ. ಬೆಕ್ಕು ನಡೆದ ಹಾಗೆ ತೆರಕೊಳ್ತು. "ನೀವು ಬಂದು ಆರು ವರ್ಷ ಆಯ್ತು. ಈ ಮನೇಲಿ ಒಂದು ಬಾಗಿಲೂ ಸದ್ದು ಮಾಡಿಲ್ಲ. ನಾನೆಂಥಾ ಪೊಲೀಸು, ಮಾವ!"

ತಾತ ಜೇಬಿಂದ ಎಣ್ಣೆ ಡಬ್ಬಿ ತೆಗೆದು ಅಳಿಯನ ಮುಂದೆ ಇಟ್ಟ. "ಗಡಿಯಾರ ನಾನೇ ತಗೊಂಡಿದ್ದು, ಅಳಿಯಂದ್ರೇ. ಕಾಲು ನಾನು ಮುರೀಲಿಲ್ಲ. ಅದೊಂದನ್ನ ಮಗಳಿಗೆ ಹೇಳ್ತೀನಿ, ಆಮೇಲೆ ಎಲ್ಲಿಗಾದ್ರೂ ಕರ್ಕೊಂಡು ಹೋಗಿ."

"ಗೊತ್ತು."

"ಏನು ಗೊತ್ತು?"

"ಸಂಜೆ ಮನೆಯೋರು ಕಳ್ಳ ಕಳ್ಳ ಅಂತ ಕೂಗಿದಾಗ ಅಪ್ಪ ಗಾಬರಿಬಿದ್ದು ಸ್ಟೂಲಿಂದ ಉರುಳಿದ್ರು. ಸಾಯೋ ಮುಂಚೆ ನನಗೊಬ್ಬನಿಗೇ ಹೇಳಿದ್ರು. ನಿದ್ದೆ ಮಾಡ್ತಿದ್ದೆ ಅಂದಿದ್ರೆ ಕೆಲಸ ಹೋಗ್ತಿತ್ತು. ಅದಕ್ಕೇ ಆರಡಿ ಆಳು ಬಂದ ಅಂದ್ರಂತೆ. ಇನ್ನೊಂದಡಿ ನಾಟಕದೋರು ಹಾಕ್ಕೊಂಡಿದ್ದು."

ಇಬ್ಬರೂ ಪದಕ ನೋಡ್ತಾ ಕೂತ್ರು. ನಿಜ ಆಚೆ ಬಂದ್ರೆ ಅದು ಗೋಡೆಯಿಂದ ಇಳೀಬೇಕು.

"ಏನ್ರೀ ಅದು, ಮಾವ ಅಳಿಯ ಗುಸುಗುಸು?" ಅಂತ ಮಗಳು ನೀರಿನ ಲೋಟ ಹಿಡ್ಕೊಂಡು ಬಂದ್ಲು.

"ಕಳ್ಳ ಎಷ್ಟು ಎತ್ತರ ಇದ್ದ ಅಂತ ಮಾತಾಡ್ತಿದ್ವಿ ಕಣೇ" ಅಂದ ಅಳಿಯ.

"ಏಳಡಿ! ಇವತ್ತು ನೋಡಿದ್ರಲ್ಲ!"

ತಾತ ಫೋಟೋ ನೋಡಿದ, ಲೋಟ ನೋಡಿದ. "ಏಳಡಿನೇ ಕಣಮ್ಮ" ಅಂದ. "ಕಾಲು ಮುರಿದವನೂ ಅವನೇ." ಲೋಟ ಕೈಗೆ ಬಂತು. ಮಗಳು ಆಕಡೆ ತಿರುಗಿದ ಮೇಲೆ ಅಳಿಯನ ಕಿವಿ ಹತ್ರ ಬಗ್ಗಿದ. "ಚಾಕು ಇರ್ಲಿ, ಗುಡುಗು ಇರ್ಲಿ, ಎಲ್ಲಾ ಹೊತ್ಕೋತೀನಿ. ಆ ಬಾಗಿಲು ಮಾತ್ರ ಕಿರ್ ಅನ್ನಬಾರದು, ಅಳಿಯಂದ್ರೇ. ಅಷ್ಟು ಕೆಟ್ಟ ಕೆಲಸ ನಾನು ಮಾಡಿಲ್ಲ."

ಮಾರನೇ ದಿನ ಅಳಿಯ ಯೂನಿಫಾರ್ಮಲ್ಲೇ ನಾಟಕದೋರ ಹತ್ರ ಹೋಗಿ ಏನೋ ಹೇಳಿ ಬಂದ. ಸಂಜೆ ಬಾಗಿಲು ಸದ್ದೇ ಇಲ್ಲದೆ ತೆರಕೊಳ್ತು. ಆ ಮೌನಕ್ಕೆ ಹಾಲಲ್ಲಿ ಹನ್ನೊಂದು ಜನ ಮೂರ್ಛೆ ಹೋದ್ರು, ನಾನೇ ಎಣಿಸಿದೀನಿ. ಮಗಳು ತಾತನ ಕೈ ಗಟ್ಟಿಯಾಗಿ ಹಿಡ್ಕೊಂಡು, "ಅಪ್ಪ, ಕಳ್ಳ ಅಂದ್ರೆ ಅಂಥಿಂಥ ಕಳ್ಳ ಅಲ್ಲ, ಎಂಥಾ ಕೆಲಸಗಾರ ನೋಡು!" ಅಂದ್ಲು. ತಾತ ಕತ್ತಲಲ್ಲಿ ಅರ್ಧ ಇಂಚು ಬೆಳೆದ.

ಇಷ್ಟೇ ನಡೆದಿದ್ದು. ನಾಳೆ ನೀವು ಇದನ್ನ ಇನ್ನೊಬ್ಬರಿಗೆ ಹೇಳೇ ಹೇಳ್ತೀರ. ಎಂಟಡಿ ಮಾಡ್ಕೊಳ್ಳಿ, ಎರಡು ಕಾಲೂ ಮುರಿಸಿ, ನಾನು ಬೇಡ ಅನ್ನಲ್ಲ. ಬಾಗಿಲು ಮಾತ್ರ ಸದ್ದು ಮಾಡಿಸಬೇಡಿ. ಇದೆಲ್ಲ ನನಗೆ ಹೇಗೆ ಗೊತ್ತು ಅಂತಾನೂ ಕೇಳಬೇಡಿ. ಅದಿರ್ಲಿ, ನಿಮ್ಮ ಮನೆ ಹಿಂಬಾಗಿಲು ಕಿರ್ ಅನ್ನೋದು ರಸ್ತೆವರೆಗೂ ಕೇಳಿಸ್ತಿತ್ತು, ನನಗೆ ತಡಕೊಳ್ಳೋಕೆ ಆಗ್ತಿಲ್ಲ. ನಾಳೆ ಮಧ್ಯಾಹ್ನ ಎರಡೂವರೆಗೆ ಒಂಚೂರು ಚಿಲಕ ಹಾಕದೆ ಬಿಡಿ.