ತಿರಸ್ಕೃತ ಮಾತ್ರೆ

ಮನುಷ್ಯಕುಲ ಎದುರಿಸುತ್ತ ಬಂದಿರುವ ಗಹನವಾದ ಪ್ರಶ್ನೆಗಳಲ್ಲೊಂದು ಮಂಗಳವಾರ ಬೆಳಗ್ಗೆ ಎಂಟು ಗಂಟೆಗೆ ಅಡುಗೆಮನೆಯ ಮೇಜಿನ ಮೇಲೆ ವಿಚಾರಣೆಗೆ ಬಂತು: ಅಂಗಿಯ ಗುಂಡಿಗಿಂತ ಚಿಕ್ಕದಾದ ಬಿಳಿ ಮಾತ್ರೆಯೊಂದನ್ನು ತಮ್ಮ ನುಂಗಬೇಕೋ, ಬೇಡವೋ.

ತಮ್ಮ ಎಂದರೆ ಐವತ್ತೆರಡು ದಾಟಿದ ಆಸಾಮಿ. ಲಿಫ್ಟುಗಳಿಗೆ ಬೋಲ್ಟು ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಪ್ರತಿ ಪೆಟ್ಟಿಗೆಯಿಂದ ಕೈಗೆ ಸಿಕ್ಕ ಐವತ್ತು ಬೋಲ್ಟು ತೆಗೆದು ಅಳೆಯುತ್ತಾನೆ. ಒಂದೇ ಒಂದು ಕೆಟ್ಟಿದ್ದರೂ ಇಡೀ ಪೆಟ್ಟಿಗೆಗೆ ಕೆಂಪು ಗೀಟು, ವಾಪಸ್. ಇಪ್ಪತ್ತೆಂಟು ವರ್ಷಗಳಲ್ಲಿ ಈ ನಿಯಮ ಅವನ ರಕ್ತಕ್ಕಿಳಿದಿತ್ತು. ಅದೇ ರಕ್ತದ ಒತ್ತಡ ನೂರ ಎಪ್ಪತ್ತಿದೆ ಎಂದು ಹೋದ ವಾರ ಡಾಕ್ಟರು ಹೇಳಿ ಮಾತ್ರೆ ಬರೆದುಕೊಟ್ಟಿದ್ದರು.

ಡಬ್ಬಿ ತಂದ ದಿನವೇ ಅವನು ಮಾತ್ರೆಗಿಂತ ಮೊದಲು ಒಳಗಿನ ಚೀಟಿಯನ್ನು ಬಿಚ್ಚಿ, ಭೂತಗನ್ನಡಿ ಹಿಡಿದು ಓದಿದ. ‘ತೀರ ಅಪರೂಪವಾಗಿ, ಹತ್ತು ಸಾವಿರದಲ್ಲಿ ಒಬ್ಬರಿಗೆ ನಾಲಗೆ ಊದಿಕೊಳ್ಳಬಹುದು.’ ಅಲ್ಲಿಗೆ ಮುಗಿಯಿತು. ಡಬ್ಬಿಯ ಮೇಲೆ ಕೆಂಪು ಗೀಟು ಬಿತ್ತು.

ಐದು ದಿನ ಕಳೆದರೂ ತುಂಬಿಯೇ ಇದ್ದ ಆ ಡಬ್ಬಿ ಈಗ ಅಕ್ಕನ ಕೈಗೆ ಸಿಕ್ಕಿತ್ತು. ಬಸ್ ಕಂಡಕ್ಟರಾದ ಅಕ್ಕ ಆಗಲೇ ಸಮವಸ್ತ್ರ ತೊಟ್ಟು ನಿಂತಿದ್ದಳು.

“ಒಂದೂ ನುಂಗಿಲ್ವೇನೋ?”

“ಒಬ್ಬರಿಗೆ ಕೆಟ್ರೂ ಕೆಟ್ಟ ಹಾಗೇ ಅಲ್ವಾ ಅಕ್ಕ?”

“ಹೆಲ್ಮೆಟ್ಟನ್ನ ಸ್ಕೂಟರ್ ಕನ್ನಡಿಗೆ ತೊಡಿಸ್ಕೊಂಡು ಹೋಗೋ ಮಹಾನುಭಾವ ನೀನು! ಕನ್ನಡಿಗೆ ಮೆದುಳಿದೆಯಾ?”

“ಕಾರ್ಖಾನೆ ಹತ್ರಾನೇ ತಾನೆ…”

“ಸರಿ. ಮಾತ್ರೆ ಪೆಟ್ಟಿಗೆ ವಾಪಸ್ ಕಳಿಸ್ದೆ. ಮಾತ್ರೆ ನುಂಗದವರ ಪೆಟ್ಟಿಗೆ ತಪಾಸಣೆ ಮಾಡ್ದ್ಯಾ?”

ತಮ್ಮ ಪಿಳಿಪಿಳಿ ಕಣ್ಣುಬಿಟ್ಟ. ಅಂಥದ್ದೊಂದು ಪೆಟ್ಟಿಗೆ ಇರುವುದೇ ಅವನ ಗಮನಕ್ಕೆ ಬಂದಿರಲಿಲ್ಲ.

“ಡಾಕ್ಟರು ಹೇಳುವಾಗ ನಾನೂ ಪಕ್ಕದಲ್ಲೇ ಕೂತಿದ್ದೆ” ಎಂದಳು ಅಕ್ಕ. “ನಿನ್ನಂಥ ನೂರು ಜನ ಮಾತ್ರೆ ಬಿಟ್ರೆ, ಹತ್ತು ವರ್ಷದಲ್ಲಿ ಇಪ್ಪತ್ತು ಜನಕ್ಕೆ ಲಕ್ವಾನೋ ಹೃದಯಾಘಾತಾನೋ. ತಗೊಂಡ್ರೆ ಹದಿನಾಲ್ಕು. ಬರ್ಕೋ.”

ಅವನು ನಿಜವಾಗಿಯೂ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡ. ನೂರಕ್ಕೆ ಇಪ್ಪತ್ತು. ಅಂಥ ಪೆಟ್ಟಿಗೆಯನ್ನು ಕಾರ್ಖಾನೆಯ ಗೇಟಿನೊಳಕ್ಕೂ ಬಿಡುವವನಲ್ಲ ಅವನು. ಆದರೆ ಹದಿನಾಲ್ಕು ಮಾತ್ರ ಏನು ಸಂಭಾವಿತ ಸಂಖ್ಯೆಯೇ?

“ಎರಡೂ ವಾಪಸ್” ಎಂದ.

“ಬೋಲ್ಟಾದ್ರೆ ಒಳ್ಳೇ ಪೆಟ್ಟಿಗೆ ಬರೋ ತನಕ ಕಾಯಬಹುದು ಕಣೋ. ಇಲ್ಲಿ ಮೂರನೇದು ಬರಲ್ಲ. ಸುಮ್ನೆ ಕೂತೆ ಅಂದ್ರೆ ಇಪ್ಪತ್ತರ ಪೆಟ್ಟಿಗೇಲೇ ಕೂತೆ ಅಂತ.”

“ನುಂಗಿಯೂ ಆ ಹದಿನಾಲ್ಕರಲ್ಲಿ ನಾನಿದ್ರೆ?”

“ಆಗ ನನ್ನನ್ನ ಬಾಯ್ತುಂಬಾ ಬೈಯಿ.” ಅಕ್ಕ ಮಾತ್ರೆಯನ್ನು ಅವನತ್ತ ಸರಿಸಿದಳು. “ನಿನ್ನ ಬಾಯಿ ಸೊಟ್ಟಗಾದ್ರೆ ಈ ಮನೇಲಿ ನಾನು ಯಾರ ಜೊತೆ ಜಗಳ ಆಡ್ಲಿ?”

ತಮ್ಮ ಚೀಟಿಯನ್ನು ಮಡಚಿದ. ಹಳೇ ನಿಯಮ ಎದೆಯೊಳಗೆ ಇನ್ನೂ ಗುರುಗುಟ್ಟುತ್ತಲೇ ಇತ್ತು. ಲೋಟದಲ್ಲಿ ನೀರು ತುಂಬಿಸಿ, ಕಣ್ಣು ಮುಚ್ಚಿ, ನುಂಗಿದ.

ಅಕ್ಕ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

“ಡ್ಯೂಟಿಗೆ ಹೊತ್ತಾಗಲ್ವಾ?”

“ಆಗ್ಲಿ. ನಾಲಗೆ ತೋರ್ಸು.”

ತೋರಿಸಿದ. ಐದು ನಿಮಿಷ ಬಿಟ್ಟು ಮತ್ತೆ ತೋರಿಸಿದ. ಹತ್ತು ಸಾವಿರದಲ್ಲಿ ಒಬ್ಬನ ಭಯ ತನಗೊಬ್ಬನಿಗೇ ಇರುವುದಲ್ಲ ಎಂಬುದು ಅವನಿಗೆ ಖಾತರಿಯಾಯಿತು.

ಮೂರು ತಿಂಗಳ ಬಳಿಕ ಅವನ ರಕ್ತದೊತ್ತಡ ನೂರ ಮೂವತ್ತಾರು ಇತ್ತು.