ನಮ್ಮನೆ ನೀಲಿ

ಬಟ್ಟೆಗೆ ಬಣ್ಣ ಹಾಕುವ ಆ ಮನುಷ್ಯನನ್ನು ಚರ್ಚಿನ ಸಭೆಯವರೆಲ್ಲ ಕೊನೆಗಾಲದ ಮಾವ ಎಂದೇ ಕರೆಯುತ್ತಿದ್ದರು. ಕರ್ತನು ಈ ವರ್ಷ ಮುಗಿಯುವುದರೊಳಗೆ ಮರಳಿ ಬರುತ್ತಾನೆ, ಲೋಕ ಮುಗಿಯುತ್ತದೆ ಎಂದು ಅವನು ಲೆಕ್ಕ ಹಾಕಿಟ್ಟಿದ್ದ. ಹೋದ ವರ್ಷವೂ ಹಾಕಿದ್ದ, ಅದು ಬೇರೆ ಮಾತು. ಅವನ ಕಾರ್ಖಾನೆಯ ತೊಟ್ಟಿಗಳ ನೀರು ನೇರವಾಗಿ ಹಿಂದಿನ ಹಳ್ಳಕ್ಕೆ ಹೋಗುತ್ತಿತ್ತು. ನೀರು ಸೋಸಲು ಮೂರು ಗುಂಡಿ ತೋಡಿಸಿ ಎಂದು ಹೆಂಡತಿ ಎರಡು ವರ್ಷದಿಂದ ಅವನ ತಲೆ ತಿನ್ನುತ್ತಿದ್ದಳು.

"ನಾಳೆ ಸುಟ್ಟು ಬೂದಿಯಾಗೋ ಭೂಮಿಗೆ ಇವತ್ತು ಗುಂಡಿ ಯಾಕೆ? ಆತ್ಮದ ಚಿಂತೆ ಮಾಡು."

"ಅಡುಗೆಮನೆ ಸೋರಿದಾಗ ಮಾತ್ರ ಓಡೋಡಿ ಹೆಂಚು ಹೊದಿಸಿದ್ರಿ. ಅದು ಸುಡಲ್ವಾ?"

ಅದಕ್ಕೆ ಅವನು ಕೆಮ್ಮಿದ.

ಅವನಿಗಿದ್ದ ನಿಜವಾದ ಚಿಂತೆ ಮಗಳದು. ಹತ್ತೊಂಬತ್ತಾದರೂ ಅವಳಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ಅದಾಗದವರು ಕರ್ತನು ಬರುವ ದಿನ ಸ್ವರ್ಗದ ಹೊರಗೇ ಉಳಿಯುತ್ತಾರೆಂದು ಅವನು ನಂಬಿದ್ದ. ಅವಳನ್ನು ಬಿಟ್ಟು ತಾನೊಬ್ಬನೇ ಒಳಗೆ ಹೋಗುವುದನ್ನು ನೆನೆದು ಅವನು ನಡುರಾತ್ರಿ ಎದ್ದು ಕೂತುಬಿಡುತ್ತಿದ್ದ. ಕೊನೆಗೂ ಮಗಳು ಒಪ್ಪಿದಳು, ದಿನವೂ ಭಾನುವಾರಕ್ಕೆ ಗೊತ್ತಾಯಿತು. ಅವರ ಸಭೆಯಲ್ಲಿ ದೀಕ್ಷಾಸ್ನಾನವೆಂದರೆ ಹರಿಯುವ ನೀರಿನಲ್ಲಿ ಪೂರ್ತಿ ಮುಳುಗುವುದು. ಅದಕ್ಕೆ ಹಳ್ಳದ ತಿರುವಿನಲ್ಲಿ ಸೊಂಟದಾಳದ ಒಂದು ಮಡುವಿತ್ತು.

ಶುಕ್ರವಾರ ಶಾಲೆಯ ಸಮವಸ್ತ್ರದ ಕೆಲಸ ಮುಗಿದಿತ್ತು. ಅವನು ಎರಡು ತೊಟ್ಟಿ ನೀಲಿ ನೀರನ್ನು ಹಳ್ಳಕ್ಕೆ ಬಿಟ್ಟ. ಭಾನುವಾರದೊಳಗೆ ಹರಿದುಹೋಗುತ್ತದೆಂದು ಅವನ ಎಣಿಕೆ. ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಮಡು ತಿಳಿಯಾಗಿಯೇ ಇತ್ತು. ದೇವರು ದೊಡ್ಡವನು ಎಂದುಕೊಂಡ.

ಬಿಳಿ ನಿಲುವಂಗಿ ತೊಟ್ಟ ಮಗಳು ಪಾಸ್ಟರ ಹಿಂದೆ ನೀರಿಗಿಳಿದಳು. ಇಬ್ಬರ ಕಾಲು ತಳದ ಕೆಸರನ್ನು ಕದಡಿದ್ದೇ ತಡ, ಅಡಿಯಲ್ಲಿ ಕೂತಿದ್ದ ಬಣ್ಣವೆಲ್ಲ ಮೇಲಕ್ಕೆದ್ದಿತು. ದಡದಲ್ಲಿದ್ದ ಸಭೆಯವರ ಹಾಡು ಅರ್ಧಕ್ಕೇ ನಿಂತಿತು. ನಿಲುವಂಗಿ ಸೊಂಟದವರೆಗೆ ನೀಲಿಯಾಗಿತ್ತು. ಬಣ್ಣ ಒಂದೇ ಸಮ ಹಿಡಿದಿದೆಯಲ್ಲ ಎಂದು ಅವನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಮರುಕ್ಷಣ ನಾಚಿಕೆಯಿಂದ ತಲೆ ತಗ್ಗಿಸಿದ.

"ಅಪ್ಪಾ, ಇದು ನಮ್ಮನೆ ನೀಲಿ ಅಲ್ವಾ?" ಮಗಳು ನೀರಿನಿಂದಲೇ ಕೇಳಿದಳು.

ಪಾಸ್ಟರು ಮೆಲ್ಲಗೆ, "ಇರ್ಲಿ ಬಿಡಮ್ಮ, ಸಭಾಮಂದಿರದಲ್ಲಿ ದೊಡ್ಡ ತೊಟ್ಟಿ ತುಂಬಿಸ್ತೀನಿ," ಎಂದರು.

"ಬೇಡ ಪಾಸ್ಟರ್. ನಾನು ಈಜು ಕಲಿತ ನೀರು ಇದು. ದೇವರು ಮಾಡಿದ್ದನ್ನ ಹೀಗೆ ಬಿಟ್ಟು ನಾನೊಬ್ಳೇ ತೊಳ್ಕೊಂಡು ಹೋಗೋದು ಸರಿ ಅನ್ಸಲ್ಲ. ಇದು ಶುದ್ಧ ಆಗ್ಲಿ, ಆಮೇಲೆ ಮುಳುಗ್ತೀನಿ."

"ಅಷ್ಟರೊಳಗೆ ಆತ ಬಂದ್ಬಿಟ್ರೆ?" ಅಪ್ಪ ದಡದಿಂದ ಕೇಳಿದ.

"ಬಂದ್ರೆ ಈ ಬಟ್ಟೇಲೇ ನಿಲ್ತೀನಿ. ಇದ್ಯಾರು ಹಾಕಿದ ಬಣ್ಣ ಅಂತ ಕೇಳಿದ್ರೆ ಹೇಳ್ತೀನಿ."

ಹುಡುಗಿಗೆ ಹಟವೆಂದರೆ ಹಟ, ಅದೂ ಅಪ್ಪನದೇ. ಸೋಮವಾರ ಅವನು ತೊಟ್ಟಿಗಳಿಗೆ ಬೀಗ ಜಡಿದು ಗುದ್ದಲಿ ಹಿಡಿದ. ಹಿತ್ತಲ ನೆಲವೋ ಬರೀ ಕಲ್ಲು. ಮೊದಲ ಗುಂಡಿ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಹೆಂಡತಿ ಮಣ್ಣು ಹೊತ್ತು ಹಾಕಿದಳು. ನಾನು ಆಗಲೇ ಹೇಳಿರಲಿಲ್ವಾ ಎನ್ನದೆ ಇದ್ದದ್ದೇ ಅವಳ ದೊಡ್ಡತನ.

ಎರಡನೆಯ ವಾರದ ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಎದ್ದು ನಿಂತು, "ಕರ್ತನೇ, ಬೇಗ ಬಾ," ಎಂದು ಒಟ್ಟಿಗೆ ಬೇಡಿದರು. ಯಾವಾಗಲೂ ಎಲ್ಲರಿಗಿಂತ ಗಟ್ಟಿಯಾಗಿ ಕೇಳುತ್ತಿದ್ದ ದನಿ ಅಂದು ಕೇಳಲಿಲ್ಲ. ಪಕ್ಕದಲ್ಲಿದ್ದ ಮಗಳು ತಿರುಗಿ ನೋಡಿದಳು. ಅಪ್ಪ ಕಣ್ಣು ಮುಚ್ಚಿ, ಬೊಬ್ಬೆ ಎದ್ದ ಕೈ ಜೋಡಿಸಿ, ತುಟಿಯೊಳಗೇ ಹೇಳುತ್ತಿದ್ದ:

"ಸ್ವಲ್ಪ ತಡೀಪ್ಪಾ. ಇನ್ನೂ ಎರಡು ಗುಂಡಿ ಇದೆ."